ಗೋಡೆಯ ತೂತು

2020ರ ಜೂನ್ ತಿಂಗಳು. ಸಾಗರದ ಮಳೆ ನಿಮಗೆ ಗೊತ್ತಲ್ಲ, ಹಿಡಿದರೆ ಬಿಡುವ ಜಾತಿಯಲ್ಲ. ಯುಗಾದಿಗೆಂದು ಮಾರ್ಚಿಯಲ್ಲಿ ಬೆಂಗಳೂರಿನಿಂದ ಬಂದ ಮಗ, ಸೊಸೆ, ಮೊಮ್ಮಗಳು ಲಾಕ್‌ಡೌನ್ ಆದ್ದರಿಂದ ನಮ್ಮಲ್ಲೇ ಉಳಿದಿದ್ದರು. ಮನೆ ತುಂಬಿತು ಎಂದು ನನಗೆ ಒಳಗೊಳಗೇ ಸಂತೋಷ. ಆದರೆ ಆ ಸಂತೋಷದ ಬೆಲೆಯನ್ನು ಸೊಸೆ ತೆರುತ್ತಿದ್ದಾಳೆ ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಒಂದು ಮಧ್ಯಾಹ್ನ ಅವಳು ಲ್ಯಾಪ್‌ಟಾಪನ್ನು ಕೂಸನ್ನೆತ್ತಿಕೊಂಡ ಹಾಗೆ ಎದೆಗವಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. "ಏನಾಯ್ತೇ?" ಎಂದೆ. "ಮತ್ತೆ ಕಟ್ಟಾಯ್ತು ಅತ್ತೆ. ಈ ವಾರ ಇದು ಮೂರನೇ ಸಲ. ಮೀಟಿಂಗಿನಲ್ಲಿ ನಾನು ಮಾತಾಡ್ತಾ ಇದ್ದಾಗಲೇ" ಎಂದಳು.

ನಮ್ಮದು ಊರಿನ ಅಂಚಿನ ಹಳೆಯ ಮನೆ. ಜಂಬಿಟ್ಟಿಗೆಯ ಗೋಡೆಗಳು, ಒಂದೊಂದೂ ಎರಡಡಿ ದಪ್ಪ. ಮುಂದೆ ಜಗಲಿ, ಆಮೇಲೆ ನಡುಮನೆ, ಅದರಾಚೆ ಅಡುಗೆಮನೆ, ಅಡುಗೆಮನೆಗೆ ತಾಗಿ ಒಂದು ಒಳಕೋಣೆ. ಇಂಟರ್ನೆಟ್ಟಿನ ಫೈಬರ್ ತಂತಿ ಹಾಕುವವರು ಬಂದಾಗ ಜಗಲಿಯಲ್ಲಿದ್ದವರು ಗಂಡಸರು. ಪೆಟ್ಟಿಗೆ ಎಲ್ಲಿಡಲಿ ಎಂದು ಅವರು ಕೇಳಿದ್ದೂ ಗಂಡಸರನ್ನೇ. ಹಾಗಾಗಿ ಆ ರೂಟರ್ ಎಂಬ ಪೆಟ್ಟಿಗೆ ಜಗಲಿಯಲ್ಲೇ ಕೂತಿತು. ಅದರ ಗಾಳಿಯಲೆ ಮೂರು ಜಂಬಿಟ್ಟಿಗೆ ಗೋಡೆ ದಾಟಿ ಒಳಕೋಣೆಗೆ ಬರುವ ಹೊತ್ತಿಗೆ ಉಸಿರು ಕಟ್ಟಿದ ಮುದುಕಿಯ ಹಾಗಾಗುತ್ತಿತ್ತು. ಮಗ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೆಲಸ ಮಾಡುತ್ತಿದ್ದ. ಅವಳೂ ಅಲ್ಲೇ ಕೂರೋಣವೆಂದರೆ ಇಬ್ಬರ ಮಾತು ಒಂದಕ್ಕೊಂದು ಡಿಕ್ಕಿ. ನಮ್ಮವರ ಟೀವಿ ಬೇರೆ. ಮೇಲಾಗಿ ಒಲೆಯ ಮೇಲಿನ ಹಾಲು, ಮೊಮ್ಮಗಳ ಊಟ ಎಲ್ಲ ಹಿಂದೆ, ಇಂಟರ್ನೆಟ್ಟು ಮಾತ್ರ ಮುಂದೆ!

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗ ಹೇಳಿದ: "ಅಷ್ಟು ಕಷ್ಟವಾದರೆ ಸ್ವಲ್ಪ ದಿನ ರಜೆ ಹಾಕು. ಅದೂ ಆಗಲಿಲ್ಲವೋ, ಬಿಟ್ಟುಬಿಡು. ಒಬ್ಬರ ಸಂಬಳ ಸಾಕಲ್ಲ." ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಹೆಂಡತಿ ಒದ್ದಾಡುವುದನ್ನು ನೋಡಲಾರದೆ ಹೇಳಿದ್ದು. ಆದರೂ ಬಡಿಸುತ್ತಿದ್ದ ನನ್ನ ಕೈ ನಿಂತಿತು. ಇದೇ ಮಾತನ್ನು ಇದೇ ಮನೆಯಲ್ಲಿ ನಾನು ಹಿಂದೊಮ್ಮೆ ಕೇಳಿದ್ದೆ.

ನಾನು 'ಕರೆಂಟಿನವರ' ಮಗಳು. ಅಪ್ಪ ಆಗಿನ ಕೆ.ಇ.ಬಿ.ಯಲ್ಲಿ ರಿಸೀವಿಂಗ್ ಸ್ಟೇಷನ್ನಿನ ಆಪರೇಟರ್. ಕ್ವಾರ್ಟರ್ಸಿನಲ್ಲಿ ಬಚ್ಚಲುಮನೆಗೂ ಬಲ್ಬಿತ್ತು. 1971ರಲ್ಲಿ ಮದುವೆಯಾಗಿ ಈ ಮನೆಗೆ ಬಂದರೆ ಇಡೀ ಮನೆಗೆ ಎರಡೇ ಬಲ್ಬು, ಜಗಲಿಯಲ್ಲೊಂದು, ನಡುಮನೆಯ ದೇವರ ಮುಂದೊಂದು. ಜೋಗದಲ್ಲಿ ವಿದ್ಯುದಾಗಾರ ಶುರುವಾಗಿದ್ದು 1948ರಲ್ಲಿ. ನಮ್ಮ ಮನೆಯಿಂದ ಜೋಗ ಎಷ್ಟು ದೂರ ಮಹಾ? ಅಲ್ಲಿಂದ ಇಲ್ಲಿಯ ಜಗಲಿಗೆ ಬಂದ ಕರೆಂಟು, ಜಗಲಿಯಿಂದ ಅಡುಗೆಮನೆಗೆ ಮೂವತ್ತು ಹೆಜ್ಜೆ ನಡೆಯಲಾರದೆ ನಿಂತಿತ್ತು. "ಒಲೆಯ ಬೆಳಕೇ ಸಾಕಲ್ಲ" ಎನ್ನುತ್ತಿದ್ದರು ಮಾವ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರುವಾಗಿತ್ತು. ನಾನು ಬಿ.ಎ.ಗೆ ಕಟ್ಟಿದೆ. ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಓದುವುದು ಎಲ್ಲಿ? ಬಲ್ಬಿನ ಕೆಳಗೆ ಮಾವ, ಅವರ ಸ್ನೇಹಿತರು, ಅಡಿಕೆ ಧಾರಣೆಯ ಮಾತು. ಹೊಸ ಸೊಸೆ ಅಲ್ಲಿ ಪುಸ್ತಕ ಹಿಡಿದು ಕೂರುವುದುಂಟೆ? ಮುಸುರೆ ತಿಕ್ಕಿ ಮುಗಿಸಿ ಒಳಕೋಣೆಯಲ್ಲಿ ಚಿಮಣಿ ಬುಡ್ಡಿ ಹಚ್ಚಿಕೊಂಡರೆ ಹೊಗೆಗೆ ಕಣ್ಣುರಿ, ಜೊತೆಗೆ ಸೀಮೆಎಣ್ಣೆ ಮುಗಿಯುತ್ತದೆಂಬ ಆತಂಕ. ಒಂದು ವರ್ಷ ತೆವಳಿದೆ. "ಅಷ್ಟು ಕಷ್ಟವಾದರೆ ಬಿಟ್ಟುಬಿಡು" ಎಂದರು ನಮ್ಮವರು. ಬಿಟ್ಟುಬಿಟ್ಟೆ.

ಅಡುಗೆಮನೆಗೆ ದೀಪ ಬಂದದ್ದು 1978ರಲ್ಲಿ. ಅತ್ತೆಯವರಿಗೆ ಕಣ್ಣಿನ ಪೊರೆ ಬಲಿತಿತ್ತು. ಒಂದು ಸಂಜೆ ಕತ್ತಲಲ್ಲಿ ಕುದಿಯುವ ಗಂಜಿಯನ್ನು ತಮ್ಮ ಕಾಲ ಮೇಲೆ ಸುರಿದುಕೊಂಡರು. ಆಮೇಲೆ ಯಾರೂ ಮಾತಾಡಲಿಲ್ಲ. ವೈರಿಂಗ್ ಮಾಡುವವನು ಬಂದು ಎರಡು ದಿನ ಉಳಿ ಹೊಡೆದು ನಡುಮನೆಯ ಗೋಡೆಗೆ ತೂತು ಕೊರೆದ. ಅದರಿಂದ ತಂತಿ ಬಂತು, ಅಡುಗೆಮನೆಗೊಂದು ಬಲ್ಬು, ಒಳಕೋಣೆಗೊಂದು ಬಲ್ಬು. 1998ರಲ್ಲಿ ಮರದ ಪಟ್ಟಿ, ಹಳೆಯ ತಂತಿ ಎಲ್ಲ ತೆಗೆಸಿ ಹೊಸ ವೈರಿಂಗ್ ಮಾಡಿಸಿದೆವು. ಆದರೆ ತಂತಿ ಹಾಯುವುದು ಈಗಲೂ ಅದೇ ತೂತಿನಿಂದ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಸೊಸೆ ಕೆಲಸ ಬಿಡಲಿಲ್ಲ. ಅವಳೇ ಎಲ್ಲೋ ಓದಿ, ಅಂಚೆಯ ಪೊಟ್ಟಣದಷ್ಟಿದ್ದ ಒಂದು ಡಬ್ಬಿ ತರಿಸಿದಳು. ಅದರೊಳಗೆ ಸೊಳ್ಳೆ ಓಡಿಸುವ ಯಂತ್ರದ ಅಣ್ಣನ ಹಾಗಿದ್ದ ಎರಡು ಬಿಳಿಯ ಪೆಟ್ಟಿಗೆಗಳು. "ಒಂದನ್ನು ಜಗಲಿಯ ಪ್ಲಗ್ಗಿಗೆ ಹಾಕಿ ರೂಟರಿಗೆ ವೈರ್ ಜೋಡಿಸೋದು, ಇನ್ನೊಂದನ್ನು ಒಳಕೋಣೆಯ ಪ್ಲಗ್ಗಿಗೆ ಹಾಕೋದು. ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ಟು ಬರ್ತದೆ ಅತ್ತೆ" ಎಂದಳು. ನಮ್ಮವರು ನಕ್ಕರು. ಮಗ ಇಂಜಿನಿಯರು, ಅವನೂ ಅನುಮಾನಿಸಿದ. ನಾನು ಮಾತ್ರ ಅನುಮಾನಿಸಲಿಲ್ಲ. ಕರೆಂಟಿನ ತಂತಿಯಲ್ಲಿ ಮಾತು ಹೋಗುವುದನ್ನು ನಾನು ಚಿಕ್ಕವಳಿದ್ದಾಗಲೇ ಕಂಡಿದ್ದೆ.

ಅಪ್ಪನ ಸ್ಟೇಷನ್ನಿನಲ್ಲಿ ಒಂದು ಕಪ್ಪು ಫೋನಿತ್ತು. ಅಂಚೆ ಕಚೇರಿಯ ಫೋನಲ್ಲ ಅದು. ಅದನ್ನೆತ್ತಿ ಅಪ್ಪ ದೂರದ ಇನ್ನೊಂದು ಸ್ಟೇಷನ್ನಿನವರೊಡನೆ ಮಾತಾಡುತ್ತಿದ್ದರು. "ತಂತಿ ಎಲ್ಲಪ್ಪಾ?" ಎಂದು ಕೇಳಿದರೆ ಕಿಟಕಿಯಾಚೆ ಬೆಟ್ಟ ಹತ್ತಿ ಹೋಗುವ ದೊಡ್ಡ ಟವರುಗಳನ್ನು ತೋರಿಸುತ್ತಿದ್ದರು. "ಅದರ ಮೇಲೇ. ಕರೆಂಟಿನ ಬೆನ್ನೇರಿ ಮಾತು ಹೋಗ್ತದೆ." ಲೈನು ಸ್ಟೇಷನ್ನಿಗೆ ಇಳಿಯುವಲ್ಲಿ ದೊಡ್ಡ ಪಂಜರದಂಥ ಸುರುಳಿಯೊಂದು ತೂಗುತ್ತಿರುತ್ತದೆ, ನೀವೂ ನೋಡಿರಬಹುದು. ಅದಕ್ಕೆ ವೇವ್ ಟ್ರ್ಯಾಪ್ ಎಂದು ಹೆಸರು. ಕರೆಂಟನ್ನು ಒಳಗೆ ಬಿಟ್ಟು, ಮಾತಿನ ತರಂಗವನ್ನು ಮಾತ್ರ ಅಲ್ಲೇ ತಡೆದು ಫೋನಿನ ಕಡೆ ತಿರುಗುವಂತೆ ಮಾಡುವುದು ಅದರ ಕೆಲಸ.

ಒಂದೇ ತಂತಿಯಲ್ಲಿ ಎರಡು ಹೇಗೆ ಹೋಗುತ್ತವೆ? ಅಪ್ಪ ಬಾವಿ ಹೂಳೆತ್ತುವುದನ್ನು ತೋರಿಸಿ ಹೇಳಿದ್ದರು. ಬಾವಿಯೊಳಗಿನ ಮನುಷ್ಯ ಬುಟ್ಟಿಗೆ ಕೆಸರು ತುಂಬುತ್ತಾನೆ, ಮೇಲಿನವರು ಹಗ್ಗ ಜಗ್ಗುತ್ತಾರೆ. ಹಗ್ಗ ಇರುವುದು ಭಾರ ಎತ್ತಲಿಕ್ಕೆ. ಆದರೆ ಕೆಳಗಿನವನು 'ಎಳೀರಿ' ಎನ್ನಲು ಅದೇ ಹಗ್ಗವನ್ನು ಪುಟಪುಟನೆ ಎರಡು ಸಲ ಅಲುಗಿಸುತ್ತಾನೆ. ಭಾರ ನಿಧಾನ, ಅಲುಗಾಟ ಚುರುಕು. ಹಿಡಿದ ಕೈಗೆ ಎರಡೂ ಬೇರೆ ಬೇರೆಯಾಗಿ ತಿಳಿಯುತ್ತದೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಮಾತ್ರ ಹಿಂದೆ ಮುಂದೆ ತೂಗುತ್ತದೆ. ಅಪ್ಪನ ಫೋನಿನ ತರಂಗ ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ಸಲ ಕಂಪಿಸುತ್ತದೆ. ಸೊಸೆಯ ಬಿಳಿ ಪೆಟ್ಟಿಗೆಯದು ಲಕ್ಷವೂ ಅಲ್ಲ, ಕೋಟಿಯ ಲೆಕ್ಕ.

ಆಮೇಲೆ ಕುತೂಹಲ ಕೆರಳಿ ಇದರ ಹಿಂದಿನ ಕತೆಯನ್ನೆಲ್ಲ ಹುಡುಕಿ ಓದಿದೆ. ಓದುತ್ತಾ ಹೋದ ಹಾಗೆ ನಮ್ಮ ಮನೆಯ ಕತೆಯೇ ಮತ್ತೆ ಮತ್ತೆ ಕಾಣತೊಡಗಿತು.

ನಮ್ಮ ನಾಡಿನಲ್ಲೇ ನೋಡಿ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಸುಮಾರು 92 ಮೈಲಿ ಓಡಿ ಮೊದಲು ಸೇರಿದ್ದು ಕೋಲಾರದ ಚಿನ್ನದ ಗಣಿಯನ್ನು. ಆ ಕಾಲಕ್ಕೆ ಜಗತ್ತಿನಲ್ಲೇ ಬಹಳ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮೊದಲು ಗಣಿ, ಆಮೇಲೆ ಬೀದಿ, ಆಮೇಲೆ ಜಗಲಿ. ಅಡುಗೆಮನೆಯ ಸರದಿ ಎಂದೂ ಕೊನೆಯದೇ.

ಅಮೆರಿಕದಲ್ಲಿ ಜಾರ್ಜ್ ಓವೆನ್ ಸ್ಕ್ವಯರ್ ಎಂಬ ಸೇನಾಧಿಕಾರಿಯಿದ್ದ. 1910ರ ಹೊತ್ತಿಗೆ ಅವನು ಒಂದೇ ಟೆಲಿಫೋನ್ ತಂತಿಯಲ್ಲಿ ಒಂದಕ್ಕಿಂತ ಹೆಚ್ಚು ಮಾತುಕತೆ ಕಳಿಸಿ ತೋರಿಸಿದ. ಹತ್ತು ಹನ್ನೆರಡು ವರ್ಷಗಳ ಮೇಲೆ ಅವನಿಗೊಂದು ಆಸೆ ಹುಟ್ಟಿತು. ಆಗ ರೇಡಿಯೋ ದುಬಾರಿ, ಅದನ್ನು ಸಂಭಾಳಿಸುವುದೂ ಕಷ್ಟ. ಕರೆಂಟಿನ ತಂತಿಯಾದರೋ ಮನೆಗೆ ಬಂದೇ ಇದೆ. ಅದರಲ್ಲೇ ಸಂಗೀತ ಕಳಿಸಿದರೆ ಹೇಗೆ? ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಪ್ರಯೋಗವೂ ನಡೆಯಿತು. ಅಷ್ಟರಲ್ಲಿ ರೇಡಿಯೋ ಅಗ್ಗವಾಗಿ ಮನೆಮನೆಗೂ ಬಂತು, ಇವನ ತಂತಿ ಸಂಗೀತ ಮನೆಗಳಲ್ಲಿ ನಿಲ್ಲಲಿಲ್ಲ. 1934ರಲ್ಲಿ ಆ ಕಂಪನಿಗೆ 'ಮ್ಯೂಝಾಕ್' ಎಂದು ಹೆಸರಿಟ್ಟರು. ಹೋಟೆಲು, ಅಂಗಡಿಗಳಲ್ಲಿ ಮೆಲ್ಲಗೆ ಕೇಳಿಸುವ ಸಂಗೀತಕ್ಕೆ ಇಂಗ್ಲಿಷಿನಲ್ಲಿ ಅದೇ ಹೆಸರಾಗಿ ಹೋಯಿತು. ಸ್ಕ್ವಯರ್ ತೀರಿಕೊಂಡದ್ದೂ ಅದೇ ವರ್ಷ.

1936ರಲ್ಲಿ ಬ್ರೌನ್ ವಿಶ್ವವಿದ್ಯಾನಿಲಯದ ಹುಡುಗರು ತಮ್ಮ ಹಾಸ್ಟೆಲುಗಳಿಗಷ್ಟೇ ಕೇಳುವ ಪುಟ್ಟ ರೇಡಿಯೋ ಮಾಡಿಕೊಂಡರು. ಮುಂದೆ ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಹಾಸ್ಟೆಲಿನ ಕರೆಂಟು ತಂತಿಯನ್ನೇ ಹಿಡಿದು ಓಡಾಡುವ ಇಂಥ ರೇಡಿಯೋ ಕೇಂದ್ರಗಳು ಹುಟ್ಟಿದವು. 1975ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ರಾತ್ಸ್ ಊರಿನ ಪಿಕೋ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ 'ಎಕ್ಸ್-10' ಎಂಬ ಉಪಾಯ ಹೂಡಿತು. ಮಂಚದ ಮೇಲೆ ಮಲಗಿಯೇ ಗುಂಡಿ ಒತ್ತಿದರೆ ಜಗಲಿಯ ದೀಪಕ್ಕೆ 'ಆರು' ಎಂದು ಮನೆಯ ವೈರಿಂಗಿನಲ್ಲೇ ಅಪ್ಪಣೆ ಹೋಗುತ್ತಿತ್ತು. ಅದರ ವೇಗವೋ ಬಸವನಹುಳುವಿನದು, ಒಂದು ಅಪ್ಪಣೆ ತಲುಪಲು ಹತ್ತಿರ ಹತ್ತಿರ ಒಂದು ಸೆಕೆಂಡು ಬೇಕು. ದೀಪ ಆರಿಸಲಿಕ್ಕೆ ಅಷ್ಟು ಸಾಕು. ಮಾತಿಗೆ, ಚಿತ್ರಕ್ಕೆ ಸಾಲದು.

ಆಮೇಲೆ ಇಂಟರ್ನೆಟ್ಟು ಬಂತು. ನಮ್ಮ ದೇಶದಲ್ಲಿ ಅದು ಸಾರ್ವಜನಿಕರಿಗೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಎರಡು ವರ್ಷ ಕಳೆದು, 1997ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ ದೊಡ್ಡ ಸುದ್ದಿಯೊಂದು ಹೊರಟಿತು. ನಾರ್‌ವೆಬ್ ಎಂಬ ವಿದ್ಯುತ್ ಕಂಪನಿ, ನಾರ್ಟೆಲ್ ಎಂಬ ಟೆಲಿಫೋನ್ ಯಂತ್ರಗಳ ಕಂಪನಿ ಸೇರಿ, ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ಬರುವ ತಂತಿಯಲ್ಲೇ ಇಂಟರ್ನೆಟ್ ಕೊಡುತ್ತೇವೆ ಎಂದವು. ಫೋನ್ ಮೋಡೆಮ್ಮಿಗಿಂತ ಎಷ್ಟೋ ಪಟ್ಟು ವೇಗ, ಸೆಕೆಂಡಿಗೆ 10 ಲಕ್ಷ ಬಿಟ್! ಎರಡೇ ವರ್ಷಕ್ಕೆ, 1999ರಲ್ಲಿ, ಅದನ್ನು ಕೈಬಿಟ್ಟರು. ಕರೆಂಟಿನ ತಂತಿಗೆ ಟೀವಿ ಕೇಬಲ್ಲಿನ ಹಾಗೆ ಲೋಹದ ಹೊದಿಕೆಯಿಲ್ಲ. ಒಳಗಿನ ಗುಟ್ಟು ಹೊರಗೆ ಸೋರುತ್ತದೆ. ಸೋರಿದ್ದು ರೇಡಿಯೋಗಳಿಗೆ ಕಿರಿಕಿರಿಯಾಗುತ್ತದೆ. ಬೀದಿದೀಪದ ಕಂಬಗಳೇ ಆಂಟೆನಾದ ಹಾಗೆ ಆಡತೊಡಗಿದವು ಎಂದು ಆಗ ವರದಿಯಾಗಿತ್ತು. ಖರ್ಚಿನ ಲೆಕ್ಕವೂ ಕೂಡಿಬರಲಿಲ್ಲ. ಅಮೆರಿಕದ ವರ್ಜೀನಿಯಾದ ಮನಾಸಸ್ ಎಂಬ ಊರು 2005ರಲ್ಲಿ ಇಡೀ ಊರಿಗೇ ಹೀಗೆ ಇಂಟರ್ನೆಟ್ ಕೊಟ್ಟು, 2010ರಲ್ಲಿ ನಿಲ್ಲಿಸಿತು.

ಊರಿಗೆ ಆಗದ್ದು ಮನೆಗೆ ಆಯಿತು. ದೂರದಿಂದ ತರುವ ಹುಚ್ಚು ಬಿಟ್ಟು, ಮನೆ ಬಾಗಿಲಿಗೆ ಬಂದದ್ದನ್ನು ಒಳಕೋಣೆಗೆ ದಾಟಿಸಿದರೆ ಸಾಕು ಎಂದು ಕೆಲವು ಕಂಪನಿಗಳು 2000ದಲ್ಲಿ 'ಹೋಮ್‌ಪ್ಲಗ್' ಎಂಬ ಕೂಟ ಕಟ್ಟಿಕೊಂಡವು. 2001ರಲ್ಲಿ ಮೊದಲ ನಿಯಮಾವಳಿ ಬಂತು, ಸೆಕೆಂಡಿಗೆ 14 ಮೆಗಾಬಿಟ್. 2005ರ ಹೊತ್ತಿಗೆ ಅದು 200ಕ್ಕೇರಿತು. 2010ರಲ್ಲಿ ಜಾಗತಿಕ ಇಂಜಿನಿಯರುಗಳ ಸಂಸ್ಥೆ ಐ.ಇ.ಇ.ಇ. ತನ್ನ 1901 ಎಂಬ ಸಂಖ್ಯೆಯ ನಿಯಮದಲ್ಲಿ ಇದಕ್ಕೆ ಮುದ್ರೆಯೊತ್ತಿತು. ಗುಟ್ಟೇನೆಂದರೆ, ಸುದ್ದಿಯನ್ನು ಒಂದೇ ದೊಡ್ಡ ದಾರಿಯಲ್ಲಿ ಕಳಿಸದೆ ನೂರಾರು ಕಾಲುದಾರಿಗಳಲ್ಲಿ ಹಂಚಿ ಕಳಿಸುವುದು. ಒಂದು ದಾರಿಯಲ್ಲಿ ಗದ್ದಲವಿದ್ದರೆ ಅದನ್ನು ಬಿಟ್ಟು ಇನ್ನೊಂದು. ಹವ್ಯಾಸಿ ರೇಡಿಯೋದವರು ಮಾತಾಡುವ ದಾರಿಗಳನ್ನಂತೂ ಮೊದಲೇ ಬೇಲಿ ಹಾಕಿ ಬಿಟ್ಟುಕೊಟ್ಟಿದ್ದಾರೆ. ಮನೆಯ ಸುದ್ದಿ ಪಕ್ಕದ ಮನೆಯವರ ಕೈಗೆ ಸಿಗದಂತೆ ಬೀಗವೂ ಉಂಟು. ಎರಡೂ ಪೆಟ್ಟಿಗೆಗಳ ಗುಂಡಿಯನ್ನು ಒಂದಾದ ಮೇಲೊಂದರಂತೆ ಒತ್ತಿದರೆ ತಮ್ಮೊಳಗೇ ಒಂದು ಗುಪ್ತ ಸಂಕೇತ ಮಾಡಿಕೊಳ್ಳುತ್ತವೆ.

ಅಂಥ ಎರಡು ಪೆಟ್ಟಿಗೆಗಳು ಆ ಜೂನ್ ತಿಂಗಳಲ್ಲಿ ನಮ್ಮ ಮನೆಗೆ ಬಂದದ್ದು. ಬಂದ ದಿನವೇ ಕೆಲಸ ಮಾಡಿದವು ಎಂದುಕೊಂಡಿರಾ? ಇಲ್ಲ. ಸೊಸೆಯ ಮುಖ ಬಾಡಿತು. ನಮ್ಮವರು "ನಾನು ಹೇಳಲಿಲ್ಲವಾ?" ಎಂಬಂತೆ ಕೆಮ್ಮಿದರು. ಮರುದಿನ ಎಲೆಕ್ಟ್ರಿಷಿಯನ್ ಹುಡುಗ ಮುಖಕ್ಕೆ ಟವೆಲು ಕಟ್ಟಿಕೊಂಡು ಬಂದು ನೋಡಿದ. ತಪ್ಪು ಎರಡಿತ್ತು. ಜಗಲಿಯ ಪೆಟ್ಟಿಗೆಯನ್ನು ಮಗ ಕಂಪ್ಯೂಟರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದ್ದ. ಸಿಡಿಲು ಮಿಂಚಿನ ಹೊಡೆತ ತಡೆಯಲೆಂದು ಆ ಬೋರ್ಡಿನಲ್ಲಿರುವ ಏರ್ಪಾಟು, ಪಾಪ, ಇಂಟರ್ನೆಟ್ಟನ್ನೂ ಹೊಡೆತವೆಂದೇ ತಿಳಿದು ನುಂಗುತ್ತಿತ್ತು. ಎರಡನೆಯದು, ಬಾವಿಯ ಪಂಪಿಗೆಂದು ನಮ್ಮ ಮನೆಗೆ ಮೂರು ಫೇಸಿನ ಕರೆಂಟಿದೆ. ಜಗಲಿ ಒಂದು ಫೇಸಿನಲ್ಲಿ, ಅಡುಗೆಮನೆ ಒಳಕೋಣೆ ಇನ್ನೊಂದರಲ್ಲಿ. ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟುವುದು ಕಷ್ಟ. "ನೋಡಿ ಅಮ್ಮ, ಮನೆ ಒಂದೇ ಆದ್ರೂ ಒಳಗೆ ಎರಡು ಪಾಲಾಗಿದೆ" ಎಂದ ಹುಡುಗ. ಅವನು ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಹೇಳಿದ್ದು. ನನಗೆ ಮಾತ್ರ ನಗು ಬಂತು.

ಅವನು ಮೇನ್ ಆರಿಸಿ, ಲೋಡಿನ ಲೆಕ್ಕ ನೋಡಿ, ಒಳಕೋಣೆಯ ಸಾಲನ್ನು ಜಗಲಿಯ ಫೇಸಿಗೇ ಸೇರಿಸಿದ. ಪೆಟ್ಟಿಗೆಗಳನ್ನು ನೇರ ಗೋಡೆಯ ಪ್ಲಗ್ಗಿಗೇ ಹಾಕಿದ. ಒಳಕೋಣೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಸೊಸೆ ಲ್ಯಾಪ್‌ಟಾಪಿಗೆ ವೈರ್ ಸಿಕ್ಕಿಸಿ ಯಾರಿಗೋ ಕರೆ ಮಾಡಿದಳು. ಆ ಕಡೆಯ ಮುಖ ನಿಲ್ಲದೆ, ತಡವರಿಸದೆ ಮಾತಾಡಿತು. ನಾನು ಗೋಡೆಯ ತೂತಿನ ಕಡೆ ನೋಡಿದೆ.

ಇದನ್ನೇನೂ ಮಾಯಾಜಾಲ ಎಂದು ಹೊಗಳಲಾರೆ. ಡಬ್ಬಿಯ ಮೇಲೆ ಅಚ್ಚು ಹಾಕಿದ ವೇಗದಲ್ಲಿ ಸಣ್ಣ ಪಾಲೂ ಸಿಗಲಿಲ್ಲ. ಕರೆಂಟು ಹೋದರೆ ಇದೂ ಹೋಗುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ಹೊತ್ತುಗೊತ್ತಿಲ್ಲ. ಮಿಕ್ಸಿ ತಿರುಗಿಸಿದರಂತೂ ಅದರ ಮೋಟಾರಿನ ಗದ್ದಲ ತಂತಿಗಿಳಿದು ಸೊಸೆಯ ಮೀಟಿಂಗು ಒದ್ದಾಡುತ್ತಿತ್ತು. ಹಾಗಾಗಿ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಮಿಕ್ಸಿಗೆ ರಜೆ ಎಂದು ನಾನೇ ಕಾನೂನು ಮಾಡಿದೆ. ತಡೆಯಲಾರದಷ್ಟು ಅವಸರವಾದರೆ ಚಟ್ನಿ ಒರಳಲ್ಲಿ. ಒಂದು ದಿನ ನನ್ನ ಮಗ, ಇಂಜಿನಿಯರ್ ಸಾಹೇಬರು, ಒರಳಿನ ಮುಂದೆ ಕೂತು ಕಾಯಿಚಟ್ನಿ ರುಬ್ಬಿದರು! "ಅವಳಿಗೆ ಪ್ರೆಸೆಂಟೇಶನ್ ಇದೆಯಮ್ಮಾ" ಎಂದ. 'ಬಿಟ್ಟುಬಿಡು' ಎಂದಿದ್ದ ಬಾಯಿಂದಲೇ.

ಅವರು 2021ರ ಕೊನೆಯಲ್ಲಿ ಬೆಂಗಳೂರಿಗೆ ಮರಳಿದರು. ಸೊಸೆಗೆ ಅದೇ ಕಂಪನಿಯಲ್ಲಿ ಬಡ್ತಿಯೂ ಆಯಿತು. ಈಗ ಇಂಥ ಪೆಟ್ಟಿಗೆಗಳಿಗಿಂತ, ಮನೆಯಲ್ಲಿ ಅಲ್ಲಲ್ಲಿ ಇಟ್ಟು ಒಂದರಿಂದೊಂದಕ್ಕೆ ಗಾಳಿಯಲೆ ದಾಟಿಸುವ ಹೊಸ ಬಗೆಯ ರೂಟರುಗಳದ್ದೇ ಹೆಚ್ಚು ಮಾತು. ಇರಲಿ. ನಮ್ಮ ಒಳಕೋಣೆಯ ಹಸಿರು ದೀಪ ಇನ್ನೂ ಹತ್ತುತ್ತಿದೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನಾನು ಅಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತು ಓದುತ್ತೇನೆ. ಮೇಲೆ ಹೇಳಿದ್ದನ್ನೆಲ್ಲ ಅಲ್ಲೇ ಓದಿದ್ದು, ಈ ಬರಹವನ್ನು ಬರೆದದ್ದೂ ಅಲ್ಲೇ. ಎಪ್ಪತ್ತು ದಾಟಿದ ಮೇಲೆ ಬಿ.ಎ. ಮಾಡುವ ಹುರುಪು ಉಳಿದಿಲ್ಲ. ಆದರೆ ಓದಲು ಜಾಗವಿಲ್ಲ ಎಂದು ಹೇಳಲು ಈಗ ನೆಪವೂ ಇಲ್ಲ.

ನಿಮ್ಮನ್ನು ಒಂದು ಕೇಳಲೇ? ನಿಮ್ಮ ಮನೆಯ ರೂಟರ್ ಎಲ್ಲಿದೆ? ಹಾಲ್‌ನಲ್ಲಿ, ಟೀವಿಯ ಪಕ್ಕದಲ್ಲಿ ಅಲ್ಲವೇ? ಅದನ್ನು ಎಲ್ಲಿಡೋಣ ಎಂದು ಅವತ್ತು ಯಾರಾದರೂ ನಿಮ್ಮನ್ನು ಕೇಳಿದ್ದರೇ? ಇಂಥ ಪೆಟ್ಟಿಗೆಯನ್ನೇ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಉದ್ದದೊಂದು ವೈರ್ ಸಾಕಾಗಬಹುದು, ರೂಟರನ್ನು ನಾಲ್ಕು ಹೆಜ್ಜೆ ಒಳಗೆ ಸರಿಸಿದರೂ ಸಾಕಾಗಬಹುದು. ಆದರೆ ಇನ್ನೊಂದು ಸಲ ತಂತಿ ಹಾಕುವವರು ಮನೆಗೆ ಬಂದಾಗ ನೀವು ಒಲೆ ಸಣ್ಣ ಮಾಡಿಟ್ಟು, ಕೈ ಒರೆಸಿಕೊಂಡು, ಜಗಲಿಗೆ ಬಂದು ನಿಲ್ಲಿ.